ನೆಲದಡಿಯ ಕೇಬಲಿಗೂ ಒಂದು ವಿಳಾಸ ಬೇಕು

ಮಾನ್ಯ ಸಂಪಾದಕರೇ,

ಕುಡಿಯುವ ನೀರಿನ ಪೈಪು, ರಸ್ತೆ ವಿಸ್ತರಣೆ, ಮೊಬೈಲ್ ಗೋಪುರ, ಗ್ರಾಮ ಪಂಚಾಯಿತಿಗೆ ಇಂಟರ್‌ನೆಟ್ ಎಂದು ಒಂದಲ್ಲ ಒಂದು ಕಾರಣಕ್ಕೆ ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಲ್ಲಿ ನೆಲ ಅಗೆಯುವ ಕೆಲಸ ನಡೆಯುತ್ತಲೇ ಇರುತ್ತದೆ. ಅಗೆದದ್ದನ್ನು ಸರಿಯಾಗಿ ಮುಚ್ಚಲಿಲ್ಲವೆಂಬ ದೂರುಗಳಿಗೆ ವಾಚಕರ ಪತ್ರಗಳಲ್ಲಿ ಎಂದೂ ಬರವಿಲ್ಲ. ಮುಚ್ಚಿದ ಮಣ್ಣಿನ ಕೆಳಗೆ ಉಳಿದ ಆಪ್ಟಿಕಲ್ ಫೈಬರ್ ಕೇಬಲ್ ಯಾವ ಜಾಗದಲ್ಲಿ ಹೇಗೆ ಹಾದುಹೋಗಿದೆ ಎಂಬ ದಾಖಲೆಯ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ದೂರಸಂಪರ್ಕ ಕ್ಷೇತ್ರದಲ್ಲಿ ದುಡಿದು ನಿವೃತ್ತನಾಗಿ, ಈಗ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳಿಗೆ ಆಗೊಮ್ಮೆ ಈಗೊಮ್ಮೆ ನೆರವಾಗುವ ನಾನು ಈ ದಾಖಲೆಯ ಮಹತ್ವವನ್ನು ತಮ್ಮ ಓದುಗರ ಮತ್ತು ಎರಡೂ ಜಿಲ್ಲೆಗಳ ಆಡಳಿತದ ಗಮನಕ್ಕೆ ತರಬಯಸುತ್ತೇನೆ.

ಮಾತು, ಚಿತ್ರ, ಹಣದ ವಹಿವಾಟುಗಳನ್ನು ಹೊತ್ತೊಯ್ಯುವ ಈ ಗಾಜಿನ ಎಳೆ ತನ್ನ ಸುತ್ತಲಿನ ನೆಲದ ಅಲುಗಾಟವನ್ನೂ ಗ್ರಹಿಸಬಲ್ಲದು. ಕೇಬಲಿನ ಒಂದು ತುದಿಗೆ ಉಪಕರಣವೊಂದನ್ನು ಜೋಡಿಸಿ, ಲೇಸರ್ ಬೆಳಕಿನ ಮಿಡಿತಗಳನ್ನು ಸೆಕೆಂಡಿಗೆ ನೂರಾರು ಅಥವಾ ಸಾವಿರಾರು ಬಾರಿ ಒಳಕ್ಕೆ ಕಳಿಸಿದರೆ, ಗಾಜಿನಲ್ಲಿ ಸಹಜವಾಗಿಯೇ ಇರುವ ಸೂಕ್ಷ್ಮ ಏರುಪೇರುಗಳಿಗೆ ತಾಗಿ ಬೆಳಕಿನ ಅತ್ಯಲ್ಪ ಅಂಶ ಹಿಂದಕ್ಕೆ ಚದುರುತ್ತದೆ. ನೆಲ ಅಲುಗಿ ಎಳೆ ತುಸು ಹಿಗ್ಗಿದರೂ ಕುಗ್ಗಿದರೂ ಹಿಂದಿರುಗುವ ಆ ಬೆಳಕಿನ ಫೇಸ್, ಅಂದರೆ ಬೆಳಕಿನ ಅಲೆಯ ಏರಿಳಿತದ ಹಂತ, ಬದಲಾಗುತ್ತದೆ. ಗಾಜಿನೊಳಗೆ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಆಗಿರುವುದರಿಂದ ಒಂದು ಮೀಟರ್ ಹೋಗಿ ಬರಲು ಅದಕ್ಕೆ ಹತ್ತು ನ್ಯಾನೊಸೆಕೆಂಡ್ ಬೇಕು. ಈ ಲೆಕ್ಕ ಹಿಡಿದು ಕೇಬಲಿನ ಉದ್ದಕ್ಕೂ ಮೀಟರಿಗೊಂದರಂತೆ ಅಥವಾ ಕೆಲವು ಮೀಟರಿಗೊಂದರಂತೆ ಸಾವಿರಾರು ಅಳತೆಗಳನ್ನು ಏಕಕಾಲಕ್ಕೆ ಪಡೆಯಬಹುದು. ಇಂಥ ಒಂದೊಂದು ಅಳತೆಯ ತಾಣವನ್ನು ಚಾನೆಲ್ ಎಂದೂ, ಈ ವಿಧಾನವನ್ನು ಡಿಸ್ಟ್ರಿಬ್ಯೂಟೆಡ್ ಅಕೌಸ್ಟಿಕ್ ಸೆನ್ಸಿಂಗ್ (ಡ್ಯಾಸ್) ಎಂದೂ ಕರೆಯುತ್ತಾರೆ. ಹಲವು ಹತ್ತು ಕಿಲೋಮೀಟರ್ ಉದ್ದದ ಕೇಬಲಿಗೆ ಒಂದೇ ಉಪಕರಣ ಸಾಕು, ದಾರಿಯುದ್ದಕ್ಕೂ ಬೇರೆ ವಿದ್ಯುತ್ತಾಗಲಿ ಬ್ಯಾಟರಿಯಾಗಲಿ ಬೇಡ. ಇದೇ ಎಳೆಯಿಂದ ಉಷ್ಣತೆಯನ್ನು ಅಳೆಯುವ ಇನ್ನೊಂದು ವಿಧಾನವೂ ಇದ್ದು, ಅದಕ್ಕೆ ಆಧಾರ ಸರ್ ಸಿ.ವಿ. ರಾಮನ್ ಅವರು 1928ರಲ್ಲಿ ಕಂಡುಹಿಡಿದ ಪರಿಣಾಮವೇ ಆಗಿದೆ. ಮಣ್ಣಿನ ಏರಿಯಲ್ಲಿ ನೀರು ಜಿನುಗುವ ಜಾಗದ ಉಷ್ಣತೆ ಅಕ್ಕಪಕ್ಕದ ಮಣ್ಣಿಗಿಂತ ಬೇರೆಯಾಗಿರುತ್ತದೆ ಎಂಬುದನ್ನು ಬಳಸಿಕೊಂಡು ಯುರೋಪಿನಲ್ಲಿ ಅಣೆಕಟ್ಟು ಮತ್ತು ಕಾಲುವೆಗಳ ಸೋರಿಕೆಯನ್ನು 1990ರ ದಶಕದಿಂದಲೇ ಹೀಗೆ ಪತ್ತೆ ಮಾಡುತ್ತಿದ್ದಾರೆ. ಭದ್ರಾ ನಾಲೆಯ ಕೊನೆಭಾಗದಲ್ಲಿ ಭತ್ತ ನಾಟಿ ಮಾಡಿ ನೀರಿಗಾಗಿ ಕಾದು ಕೂರುವ ರೈತರಿಗೆ ಇದರ ಬೆಲೆಯನ್ನು ವಿವರಿಸಿ ಹೇಳಬೇಕಾಗಿಲ್ಲ.

2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಬಳಿಯ ಹುಣಸೋಡಿನಲ್ಲಿ ಸ್ಫೋಟಕಗಳು ಸಿಡಿದು ಜೀವಹಾನಿಯಾದದ್ದು ಎಲ್ಲರಿಗೂ ನೆನಪಿದೆ. ಆ ಹೊತ್ತಿನಲ್ಲಿ ಭೂಕಂಪವೆಂದು ಬಗೆದು ಜನ ಮನೆಗಳಿಂದ ಹೊರಗೋಡಿ ಬಂದರು, ಅದುರಿದ ಅನುಭವ ದಾವಣಗೆರೆ ಜಿಲ್ಲೆಯ ಕೆಲವೆಡೆಗೂ ಆಯಿತು. ನಮ್ಮ ಭಾಗದ ಗಟ್ಟಿ ಶಿಲೆಯಲ್ಲಿ ಕಂಪನದ ಮೊದಲ ಅಲೆ ಸೆಕೆಂಡಿಗೆ ಸುಮಾರು 6 ಕಿಲೋಮೀಟರ್ ವೇಗದಲ್ಲಿ ಸಾಗುತ್ತದೆ, ಗಾಳಿಯಲ್ಲಿ ಬರುವ ಸದ್ದಾದರೋ ಸೆಕೆಂಡಿಗೆ 340 ಮೀಟರ್ ಮಾತ್ರ ಕ್ರಮಿಸುತ್ತದೆ. 60 ಕಿಲೋಮೀಟರ್ ದೂರದಲ್ಲಿರುವವರಿಗೆ ಮೊದಲನೆಯದು ಹತ್ತು ಸೆಕೆಂಡಿನಲ್ಲಿ ಮುಟ್ಟಿದರೆ ಎರಡನೆಯದು ಮುಟ್ಟಲು ಸುಮಾರು ಮೂರು ನಿಮಿಷ ಬೇಕು. ರಾಷ್ಟ್ರೀಯ ಹೆದ್ದಾರಿ 48ರ ಪಕ್ಕದ ಒಂದು ಫೈಬರಿಗೆ ಇಂಥ ಉಪಕರಣ ಜೋಡಿಸಿದ್ದಿದ್ದರೆ, ಅಲೆ ಯಾವ ಚಾನೆಲಿಗೆ ಮೊದಲು ತಲುಪಿತು, ಯಾವುದಕ್ಕೆ ಆಮೇಲೆ ತಲುಪಿತು ಎಂಬುದರಿಂದ ಅದು ಬಂದ ದಿಕ್ಕನ್ನೂ ಬಂದ ಜಾಗವನ್ನೂ ಅಂದಾಜು ಮಾಡಬಹುದಿತ್ತು. ಆದರೆ ಆ ಲೆಕ್ಕ ನಡೆಯಬೇಕಾದರೆ 7,431ನೆಯ ಚಾನೆಲ್ ಭರಮಸಾಗರದ ಹತ್ತಿರವಿದೆಯೋ ಆನಗೋಡಿನ ಹತ್ತಿರವಿದೆಯೋ ಎಂದು ಮೊದಲು ಗೊತ್ತಿರಬೇಕು. ಉಪಕರಣಕ್ಕೆ ಅದು ಗೊತ್ತಿರುವುದಿಲ್ಲ, ಗಾಜಿನೊಳಗೆ ಬೆಳಕು ಕ್ರಮಿಸಿದ ದೂರವಷ್ಟೇ ಅದಕ್ಕೆ ಗೊತ್ತು.

ಈ ತೊಡಕು ಹೊಸದೇನಲ್ಲ. ಕೇಬಲ್ ತುಂಡಾದಾಗ ಓಟಿಡಿಆರ್ (ಬೆಳಕು ಕಳಿಸಿ ತುಂಡಾದ ಜಾಗದ ದೂರ ತೋರಿಸುವ ಯಂತ್ರ) ಹಿಡಿದು ಹೋಗುತ್ತಿದ್ದ ಪ್ರತಿಯೊಬ್ಬ ನೌಕರನಿಗೂ ಇದು ಪರಿಚಿತ. ಯಂತ್ರ 12 ಕಿಲೋಮೀಟರ್ 400 ಮೀಟರ್ ಎಂದು ತೋರಿಸುತ್ತದೆ, ರಸ್ತೆಯ ಮೇಲೆ ಅಷ್ಟೇ ದೂರ ಅಳೆದು ಅಗೆಸಿದರೆ ಅಲ್ಲಿ ಕೇಬಲ್ ಅಖಂಡವಾಗಿ ಮಲಗಿರುತ್ತದೆ. ಜಾಯಿಂಟ್ ಇರುವಲ್ಲೆಲ್ಲ ಮುಂದಿನ ದುರಸ್ತಿಗೆಂದು ಹತ್ತಿಪ್ಪತ್ತು ಮೀಟರ್ ಕೇಬಲನ್ನು ಸುತ್ತಿ ಚೇಂಬರಿನಲ್ಲಿ ಬಿಟ್ಟಿರುತ್ತಾರೆ, ಸೇತುವೆ ದಾಟುವಲ್ಲಿ ಮತ್ತಷ್ಟು ಲೂಪ್ ಇರುತ್ತದೆ, ಕೊಳವೆಯೊಳಗಿನ ಗಾಜಿನ ಎಳೆ ಹೊರಗಿನ ಹೊದಿಕೆಗಿಂತ ತುಸು ಉದ್ದವಾಗಿಯೇ ಇರುತ್ತದೆ. ರಾಟೆಯ ಪಕ್ಕದಲ್ಲಿ ಸುರುಳಿಯಾಗಿ ಬಿದ್ದ ಹಗ್ಗವನ್ನೂ ಸೇರಿಸಿ ಅಳೆದು ಅದನ್ನೇ ಬಾವಿಯ ಆಳ ಎಂದರೆ ಹೇಗೋ ಹಾಗೆ. 10 ಕಿಲೋಮೀಟರ್ ದಾರಿಯಲ್ಲಿ 20 ಚೇಂಬರುಗಳಿದ್ದು ಒಂದೊಂದರಲ್ಲಿ 10 ಮೀಟರ್ ಲೂಪ್ ಇದೆಯೆಂದುಕೊಂಡರೂ ಕೊನೆಗೆ 200 ಮೀಟರಿನ ವ್ಯತ್ಯಾಸ ಕೂಡಿಕೊಳ್ಳುತ್ತದೆ. ಇದರ ಜೊತೆಗೆ ಉಪಕರಣದಲ್ಲಿ ಗಾಜಿನ ವಕ್ರೀಭವನ ಸೂಚ್ಯಂಕವನ್ನು (ಗಾಜಿನಲ್ಲಿ ಬೆಳಕು ಎಷ್ಟು ಪಟ್ಟು ನಿಧಾನವಾಗುತ್ತದೆ ಎಂಬ ಸಂಖ್ಯೆ) 1.468 ಎಂದು ನಮೂದಿಸಬೇಕಾದಲ್ಲಿ 1.465 ಎಂದು ನಮೂದಿಸಿದರೆ 40 ಕಿಲೋಮೀಟರಿನ ತುದಿಯಲ್ಲಿ ಸುಮಾರು 80 ಮೀಟರ್ ತಪ್ಪುತ್ತದೆ. ಬರಿಯ ಕೇಬಲ್ ದುರಸ್ತಿಯ ಕೆಲಸವಾದರೆ ಒಂದು ಗುಂಡಿ ಹೆಚ್ಚು ತೋಡಿ ಸುಮ್ಮನಾಗಬಹುದು. ಕಾಲುವೆಯ ಏರಿಯ ಸೋರಿಕೆಯನ್ನು ಹುಡುಕುವಾಗ 200 ಮೀಟರ್ ಎಂದರೆ ಬೇರೆ ತೂಬು, ಬೇರೆ ಊರಿನ ಗದ್ದೆ.

ಹಾಗಾದರೆ ಚಾನೆಲುಗಳಿಗೆ ಸ್ಥಾನವನ್ನು ಹೊಂದಿಸುವುದು ಹೇಗೆ? ಹೊರಗಿನ ಕೆಲಸಕ್ಕೆ ಒಂದು ಸಮ್ಮಟಿ ಮತ್ತು ಒಂದು ಜಿಪಿಎಸ್ ಸಾಕು. ಕೇಬಲ್ ಹೋದ ದಾರಿಯಲ್ಲಿ ಅಲ್ಲಲ್ಲಿ ನಿಂತು ನೆಲಕ್ಕೆ ಕಬ್ಬಿಣದ ತಗಡಿಟ್ಟು ಸಮ್ಮಟಿಯಿಂದ ಕೆಲವು ಏಟು ಹಾಕಬೇಕು. ಆ ಜಾಗದ ಅಕ್ಷಾಂಶ, ರೇಖಾಂಶ ಮತ್ತು ಹೊಡೆದ ಸಮಯವನ್ನು ಬರೆದುಕೊಳ್ಳಬೇಕು. ಅದೇ ಕ್ಷಣದಲ್ಲಿ ಯಾವ ಚಾನೆಲಿನಲ್ಲಿ ಏಟು ಅತಿ ಸ್ಪಷ್ಟವಾಗಿ ಕಂಡಿತು ಎಂದು ದತ್ತಾಂಶದಲ್ಲಿ ನೋಡಬೇಕು. ಹಳೇ ಪಿ.ಬಿ. ರಸ್ತೆಯಂತಹ ಜನನಿಬಿಡ ಕಡೆ ಹಗಲಿನಲ್ಲಿ ಇದು ಕಷ್ಟವಾದ್ದರಿಂದ ಬೆಳಗಿನ ಜಾವವೇ ಒಳ್ಳೆಯದು. ಉದ್ದ ಹೆಚ್ಚಿದ್ದರೆ ಜಿಪಿಎಸ್ ಇಟ್ಟ ಭಾರದ ವಾಹನವೊಂದನ್ನು ರಸ್ತೆಯ ಮೇಲೆ ಓಡಿಸಿ, ಅದರ ಭಾರಕ್ಕೆ ನೆಲ ಬಾಗಿದ ಗುರುತನ್ನು ಒಂದೊಂದು ಚಾನೆಲಿನಲ್ಲೂ ಹಿಂಬಾಲಿಸುವ ವಿಧಾನವಿದೆ. ಇಲ್ಲಿ ಗಡಿಯಾರದ ವಿಷಯದಲ್ಲಿ ಎಚ್ಚರ ಬೇಕು. ಉಪಕರಣ ಸಾಮಾನ್ಯವಾಗಿ ಜಾಗತಿಕ ಸಮಯವನ್ನು ಬರೆಯುತ್ತದೆ, ನಮ್ಮ ಮೊಬೈಲು ಅದಕ್ಕಿಂತ ಐದೂವರೆ ಗಂಟೆ ಮುಂದಿರುತ್ತದೆ. ಇಷ್ಟು ದೊಡ್ಡ ತಪ್ಪು ಯಾರ ಕಣ್ಣಿಗಾದರೂ ಬೀಳುತ್ತದೆ. ಆದರೆ ಜಿಪಿಎಸ್ ವ್ಯವಸ್ಥೆಯ ಸ್ವಂತ ಗಡಿಯಾರ ಜಾಗತಿಕ ಸಮಯಕ್ಕಿಂತ 18 ಸೆಕೆಂಡ್ ಮುಂದಿರುತ್ತದೆ, ಅದನ್ನು ಕಳೆಯಲು ಮರೆತರೆ ಗಂಟೆಗೆ 60 ಕಿಲೋಮೀಟರ್ ವೇಗದ ಲಾರಿ ನಕ್ಷೆಯಲ್ಲಿ 300 ಮೀಟರ್ ಆಚೆ ಕಾಣುತ್ತದೆ ಮತ್ತು ಆ ತಪ್ಪು ಅಷ್ಟು ಸುಲಭವಾಗಿ ಸಿಕ್ಕುವುದಿಲ್ಲ.

ಉಳಿದ ಕೆಲಸ ಕಂಪ್ಯೂಟರಿನದು. ಇದಕ್ಕೆ ಪೈಥಾನ್ ಭಾಷೆಗಿಂತ ಅನುಕೂಲವಾದದ್ದನ್ನು ನಾನು ಕಂಡಿಲ್ಲ: ಉಚಿತ, ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಹುಡುಗ ಹುಡುಗಿಯರಿಗೆ ಆಗಲೇ ಪರಿಚಿತ, ಬೇಕಾದ ಸಲಕರಣೆಗಳೆಲ್ಲ ಸಿದ್ಧವಾಗಿವೆ. ಏಟು ಹಾಕಿದ ಬಿಂದುಗಳ ಪಟ್ಟಿಯನ್ನು ಪಾಂಡಾಸ್ ಎಂಬ ಸಲಕರಣೆ ಓದುತ್ತದೆ, ಎರಡು ಬಿಂದುಗಳ ನಡುವಿನ ಚಾನೆಲುಗಳಿಗೆ ಸ್ಥಾನ ಹಂಚುವ ಲೆಕ್ಕವನ್ನು ನಂಪೈ ಎಂಬ ಇನ್ನೊಂದು ಒಂದೇ ಸಾಲಿನಲ್ಲಿ ಮಾಡಿಕೊಡುತ್ತದೆ. ಹೀಗೆ ಒಂದೇ ಸಾಲಿನಲ್ಲಿ ಆಗಿಹೋಗುವುದರಲ್ಲೇ ಅಪಾಯವೂ ಇದೆ. ನಾವು ಕೊಟ್ಟ ದೂರಗಳು ಏರಿಕೆಯ ಕ್ರಮದಲ್ಲಿ ಇರದಿದ್ದರೆ ನಂಪೈನ ಆ ಲೆಕ್ಕ ತಕರಾರು ಮಾಡದೆ ಅರ್ಥವಿಲ್ಲದ ಉತ್ತರವನ್ನು ಕೊಟ್ಟುಬಿಡುತ್ತದೆ. ಕೊನೆಯ ಬಿಂದುವಿನಾಚೆಗಿನ ಚಾನೆಲುಗಳಿಗೆಲ್ಲ ಕೊನೆಯ ಬಿಂದುವಿನ ಸ್ಥಾನವನ್ನೇ ಅಂಟಿಸುತ್ತದೆ. ಹರಿಹರದ ತುಂಗಭದ್ರಾ ಸೇತುವೆಯ ಬಳಿ ಕೊನೆಯ ಏಟು ಹಾಕಿ, ಕೇಬಲ್ ಮಾತ್ರ ಮುಂದೆ ರಾಣೆಬೆನ್ನೂರಿನವರೆಗೆ ಹೋಗಿದ್ದರೆ, ರಾಣೆಬೆನ್ನೂರಿನಲ್ಲಿ ಓಡಾಡುವ ಲಾರಿಗಳೆಲ್ಲ ಹರಿಹರದ ಸೇತುವೆಯ ಮೇಲೆಯೇ ಸಾಲುಗಟ್ಟಿ ನಿಂತಂತೆ ನಕ್ಷೆ ತೋರಿಸುತ್ತದೆ. ಅಳತೆ ಇಲ್ಲದ ಕಡೆ ಸ್ಥಾನವನ್ನು ಖಾಲಿ ಬಿಡಬೇಕೆಂದು ನಾವೇ ಸ್ಪಷ್ಟವಾಗಿ ಸೂಚಿಸಬೇಕು.

ಎರಡು ಬಿಂದುಗಳ ನಡುವೆ ನೇರ ಗೆರೆ ಎಳೆಯುವುದೂ ಎಲ್ಲ ಕಡೆ ನಡೆಯುವುದಿಲ್ಲ. ಚಿತ್ರದುರ್ಗದ ಊರೊಳಗಿನ ರಸ್ತೆಗಳಂತೆ ತಿರುವುಗಳಿದ್ದಲ್ಲಿ ನೇರ ಗೆರೆ ಮನೆಗಳ ಮೇಲೆ ಹಾದುಹೋಗುತ್ತದೆ. ಕೇಬಲಿನ ಮಾರ್ಗವನ್ನು ಮೊದಲು ಒಂದು ರೇಖೆಯಾಗಿ ಬಿಡಿಸಿ, ಆ ರೇಖೆಯ ಗುಂಟ ಇಷ್ಟು ಮೀಟರ್ ನಡೆದರೆ ಸಿಗುವ ಬಿಂದು ಯಾವುದು ಎಂದು ಕೇಳಬೇಕು; ಶೇಪ್ಲಿ ಎಂಬ ಸಲಕರಣೆ ಇದಕ್ಕೆ ತಕ್ಕುದು. ಇಲ್ಲಿ ದೂರ ಮೀಟರಿನಲ್ಲಿರಬೇಕು, ಡಿಗ್ರಿಯಲ್ಲಿರಬಾರದು. ನಮ್ಮ ಅಕ್ಷಾಂಶದಲ್ಲಿ ಉತ್ತರ ದಕ್ಷಿಣವಾಗಿ ಒಂದು ಡಿಗ್ರಿಗೆ ಸುಮಾರು 110.6 ಕಿಲೋಮೀಟರ್ ಆದರೆ ಪೂರ್ವ ಪಶ್ಚಿಮವಾಗಿ 108ಕ್ಕೂ ತುಸು ಕಡಿಮೆ. ಅದೃಷ್ಟಕ್ಕೆ ದಾವಣಗೆರೆ, ಚಿತ್ರದುರ್ಗಗಳೆರಡೂ ಯುಟಿಎಂ ಎಂಬ ಮೀಟರ್ ಲೆಕ್ಕದ ವ್ಯವಸ್ಥೆಯ 43ನೆಯ ವಲಯದಲ್ಲಿಯೇ ಬರುವುದರಿಂದ ನಡುವೆ ವಲಯ ಬದಲಿಸುವ ತಾಪತ್ರಯವಿಲ್ಲ. ಡಿಗ್ರಿಯಿಂದ ಮೀಟರಿಗೆ ಈ ಪರಿವರ್ತನೆಯನ್ನು ಪೈಪ್ರಾಜ್ ಎಂಬ ಸಲಕರಣೆ ಮಾಡಿಕೊಡುತ್ತದೆಯಾದರೂ, ಅಕ್ಷಾಂಶ ಮೊದಲೋ ರೇಖಾಂಶ ಮೊದಲೋ ಎಂಬುದನ್ನು ಗೊತ್ತುಪಡಿಸದಿದ್ದರೆ ಎರಡೂ ಅದಲುಬದಲಾಗುವ ಸಂಭವವಿದೆ. ದಾವಣಗೆರೆಯ 14.46 ಮತ್ತು 75.92 ಅದಲುಬದಲಾದರೆ ನಮ್ಮ ಊರು ಉತ್ತರ ಧ್ರುವದ ಕಡೆಗೆ, ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳ ಸಮೀಪದ ಸಮುದ್ರಕ್ಕೆ ಹೋಗಿ ಬೀಳುತ್ತದೆ. (ಆ ದ್ವೀಪಗಳ ಬಳಿ ಸಮುದ್ರದ ತಳದ ಕೇಬಲಿನಿಂದ ಇದೇ ತಂತ್ರದಲ್ಲಿ ತಿಮಿಂಗಿಲಗಳ ಸದ್ದನ್ನು ದಾಖಲಿಸಿದ್ದಾರೆ, ಅಲ್ಲಿ ಬಿದ್ದ ನಮ್ಮ ಚಾನೆಲುಗಳಿಗೆ ಸಹವಾಸಕ್ಕೇನೂ ಕೊರತೆಯಾಗದು.)

ಲೂಪಿನೊಳಗಿನ ಚಾನೆಲುಗಳದು ಬೇರೆಯೇ ಕಥೆ. ಚೇಂಬರಿನಲ್ಲಿ ಸುತ್ತಿಟ್ಟ 20 ಮೀಟರ್ ಕೇಬಲಿನ 20 ಚಾನೆಲುಗಳೂ ನೆಲದ ಮೇಲೆ ಒಂದೇ ಬಿಂದುವಿನಲ್ಲಿರುತ್ತವೆ, ಮಣ್ಣಿಗೆ ಅಂಟಿಕೊಂಡಿರದ ಕಾರಣ ಅವು ಕೇಳಿಸಿಕೊಳ್ಳುವುದೂ ಬೇರೆ ಬಗೆಯಲ್ಲಿ. ಅವನ್ನು ಎಳೆದು ರಸ್ತೆಯ ಉದ್ದಕ್ಕೂ ಹಂಚಿದರೆ ಮುಂದಿನವೆಲ್ಲ ಜಾರುತ್ತವೆ. ಅವನ್ನು ಗುರುತಿಸಿ ಬದಿಗಿಡುವುದೇ ಸರಿ. ಚಾನೆಲುಗಳು ಮೀಟರಿಗೊಂದರಂತೆ ಇದ್ದರೂ ಒಂದೊಂದು ಚಾನೆಲ್ ಬರಿಯ ಚುಕ್ಕಿಯಲ್ಲ, ಸಾಮಾನ್ಯವಾಗಿ 10 ಮೀಟರಿನಷ್ಟು ಉದ್ದದ ಎಳೆಯ ಸರಾಸರಿ ಹಿಗ್ಗುವಿಕೆ ಎಂಬುದನ್ನೂ ನೆನಪಿಡಬೇಕು, ಕೊಡುವ ಸ್ಥಾನ ಆ ತುಂಡಿನ ನಡುವಿನದ್ದಾಗಿರಬೇಕು.

ಹೀಗೆ ಸಿದ್ಧವಾದ ಸ್ಥಾನಗಳನ್ನು ಎಲ್ಲಿ ಬರೆದಿಡಬೇಕು ಎಂಬ ಪ್ರಶ್ನೆಯನ್ನು ಬಹಳ ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ, ನನಗೆ ಇದೇ ಮುಖ್ಯವೆನಿಸುತ್ತದೆ. 10,000 ಚಾನೆಲುಗಳಿಂದ ಸೆಕೆಂಡಿಗೆ 1,000 ಬಾರಿ, ಒಂದೊಂದಕ್ಕೆ 4 ಬೈಟುಗಳಂತೆ ಬರೆದರೆ ಒಂದು ದಿನಕ್ಕೆ ಸುಮಾರು 3.5 ಟೆರಾಬೈಟ್ ದತ್ತಾಂಶವಾಗುತ್ತದೆ; ಅದಕ್ಕೆ ಅರ್ಥ ಕೊಡುವ ಸ್ಥಾನಗಳ ಪಟ್ಟಿ ಒಂದು ಮೊಬೈಲ್ ಫೋಟೊದಷ್ಟೂ ದೊಡ್ಡದಿರುವುದಿಲ್ಲ. ದೊಡ್ಡದನ್ನು ಸರ್ವರಿನಲ್ಲಿ ಜೋಪಾನ ಮಾಡಿ ಚಿಕ್ಕದನ್ನು ಯಾರದೋ ಲ್ಯಾಪ್‌ಟಾಪಿನಲ್ಲಿ ಬಿಟ್ಟರೆ, ಆ ವ್ಯಕ್ತಿ ಕೆಲಸ ಬಿಟ್ಟುಹೋದ ದಿನ ಎಲ್ಲವೂ ಬರಿಯ ಸಂಖ್ಯೆಗಳಾಗಿ ಉಳಿಯುತ್ತವೆ. ಎಕ್ಸ್‌ಅರೇ ಎಂಬ ಸಲಕರಣೆಯಲ್ಲಿಯೂ, ಫೈಬರ್ ದತ್ತಾಂಶಕ್ಕೆಂದೇ ರೂಪಿಸಿದ ಡ್ಯಾಸ್‌ಕೋರ್‌ನಲ್ಲಿಯೂ ಕೇಬಲಿನ ದೂರಕ್ಕೆ ಜೋಡಿಯಾಗಿ ಅಕ್ಷಾಂಶ, ರೇಖಾಂಶ, ಎತ್ತರಗಳನ್ನು ದತ್ತಾಂಶಕ್ಕೇ ಕಟ್ಟಿಬಿಡುವ ಸೌಲಭ್ಯವಿದೆ. ಒಮ್ಮೆ ಹಾಗೆ ಕಟ್ಟಿದ ಮೇಲೆ ಭರಮಸಾಗರದಿಂದ ಆನಗೋಡಿನವರೆಗಿನ ಭಾಗವನ್ನಷ್ಟೇ ಕತ್ತರಿಸಿ ತೆಗೆದರೂ ಸ್ಥಾನಗಳು ಅದರೊಂದಿಗೇ ಬರುತ್ತವೆ, ಬೇರೆ ಕಡತ ಹುಡುಕಬೇಕಾಗಿಲ್ಲ.

ಇಷ್ಟಾದರೂ ಪಟ್ಟಿ ಶಾಶ್ವತವಲ್ಲ. ಜೆಸಿಬಿಯೊಂದು ಕೇಬಲನ್ನು ಕಿತ್ತು, ಲೈನಿನವರು ಬಂದು ಹೊಸ ತುಂಡು ಸೇರಿಸಿ ಜಾಯಿಂಟ್ ಹಾಕಿದೊಡನೆ ಅಲ್ಲಿಂದ ಮುಂದಿನ ಪ್ರತಿ ಚಾನೆಲೂ ಆ ತುಂಡಿನಷ್ಟು ಸರಿಯುತ್ತದೆ. ಆದ್ದರಿಂದ ಪಟ್ಟಿಯ ಮೇಲೆ ಅದು ಯಾವ ದಿನದಿಂದ ಯಾವ ದಿನದವರೆಗೆ ಅನ್ವಯಿಸುತ್ತದೆಂದು ಬರೆದಿರಬೇಕು, ದುರಸ್ತಿಯಾದಾಗಲೆಲ್ಲ ಹೊಸ ಪಟ್ಟಿ ಹುಟ್ಟಬೇಕು. ಇದು ಸಂಶೋಧಕರಿಂದ ಮಾತ್ರ ಆಗುವ ಕೆಲಸವಲ್ಲ. ದುರಸ್ತಿ ಮಾಡಿದವರು ತಿಳಿಸಿದರೆ ಮಾತ್ರ ಆದೀತು.

ನನ್ನ ವಿನಂತಿ ಇರುವುದು ಇಲ್ಲಿಯೇ. ಕೇಬಲ್ ಹೂಳುವ ಗುತ್ತಿಗೆದಾರನಿಗೆ ಬಿಲ್ ಆಗುವುದು ಮೀಟರ್ ಲೆಕ್ಕದಲ್ಲಿ, ಹೀಗಾಗಿ ಕಾಮಗಾರಿಯ ಅಳತೆ ಬರೆದಿಡುವ ಎಂ.ಬಿ. ಪುಸ್ತಕದಲ್ಲಿ ಉದ್ದ ಚೆನ್ನಾಗಿಯೇ ದಾಖಲಾಗುತ್ತದೆ. ಆ ಉದ್ದ ಎಲ್ಲೆಲ್ಲಿ ಹೋಯಿತು ಎಂಬುದಕ್ಕೆ ಸಿಗುವುದು ಬಸ್ ನಿಲ್ದಾಣದಿಂದ ಇಷ್ಟು ಮೀಟರ್, ಬೇವಿನ ಮರದಿಂದ ಇಷ್ಟು ಮೀಟರ್ ಎಂಬ ಕೈನಕ್ಷೆ. ರಸ್ತೆ ಅಗಲೀಕರಣಕ್ಕೆ ಮರ ಹೋದ ಮೇಲೆ ನಕ್ಷೆಗೂ ಬೆಲೆಯಿಲ್ಲ. ರಸ್ತೆ ಅಗೆಯಲು ಅನುಮತಿ ಕೊಡುವ ಮಹಾನಗರ ಪಾಲಿಕೆ, ನಗರಸಭೆ, ಲೋಕೋಪಯೋಗಿ ಇಲಾಖೆ ಮತ್ತು ಪಂಚಾಯಿತಿಗಳು ಒಂದು ಷರತ್ತನ್ನು ಸೇರಿಸಲಿ: ಪ್ರತಿ ಚೇಂಬರ್, ಪ್ರತಿ ಜಾಯಿಂಟ್, ಪ್ರತಿ ತಿರುವು ಮತ್ತು ಸೇತುವೆಯ ಎರಡೂ ತುದಿಗಳ ಅಕ್ಷಾಂಶ, ರೇಖಾಂಶ, ಅಲ್ಲಿ ಕೇಬಲಿನ ಹೊದಿಕೆಯ ಮೇಲೆ ಅಚ್ಚಾಗಿರುವ ಮೀಟರ್ ಸಂಖ್ಯೆ ಮತ್ತು ಬಿಟ್ಟ ಲೂಪಿನ ಉದ್ದ, ಇವಿಷ್ಟನ್ನು ಸಾಮಾನ್ಯ ಎಕ್ಸೆಲ್ ಪಟ್ಟಿಯಾಗಿ ಕೊಡದೆ ಕೊನೆಯ ಬಿಲ್ ಪಾಸಾಗಬಾರದು. ಮೊಬೈಲಿನ ಜಿಪಿಎಸ್ ಐದಾರು ಮೀಟರ್ ತಪ್ಪಬಹುದಾದರೂ ಒಂದೊಂದು ಚಾನೆಲ್ ಅಳೆಯುವ ತುಂಡಿನ ಉದ್ದವೇ ಹತ್ತು ಮೀಟರಿನಷ್ಟಿರುವಾಗ ಈ ಕೆಲಸಕ್ಕೆ ಅದು ಸಾಕು.

ಇದಕ್ಕೆ ಕಾನೂನಿನ ತೊಡಕಿದೆ ಎನ್ನುವವರಿದ್ದಾರೆ. ಆದರೆ ಕೇಂದ್ರ ಸರ್ಕಾರ 2021ರ ಫೆಬ್ರುವರಿ 15ರಂದು ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಭಾರತೀಯ ಸಂಸ್ಥೆಗಳು ಇಂಥ ಸ್ಥಾನಿಕ ದತ್ತಾಂಶವನ್ನು ಸಂಗ್ರಹಿಸಲು ಮುಂಗಡ ಅನುಮತಿ ಬೇಕಾಗಿಲ್ಲ. 2023ರ ಮಾರ್ಚ್ 22ರಂದು ಆರಂಭವಾದ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ ಇರುವುದೇ ಅಗೆಯುವವರು ಮತ್ತು ನೆಲದಡಿಯ ಆಸ್ತಿಯ ಮಾಲೀಕರು ಒಬ್ಬರಿಗೊಬ್ಬರು ಮೊದಲೇ ತಿಳಿಸಲೆಂದು. ತನ್ನ ಕೇಬಲ್ ಎಲ್ಲಿದೆ ಎಂಬುದೇ ಮಾಲೀಕನಿಗೆ ಸರಿಯಾಗಿ ತಿಳಿಯದಿದ್ದರೆ ಆ ಆ್ಯಪಿನಿಂದಲೂ ಪ್ರಯೋಜನ ಅಷ್ಟಕ್ಕಷ್ಟೇ. ಭದ್ರತೆಯ ಆತಂಕವನ್ನು ಮಾತ್ರ ನಾನು ತಳ್ಳಿಹಾಕುವುದಿಲ್ಲ. ಕೇಬಲ್ ಕಳ್ಳರಿಗೂ ಕಿಡಿಗೇಡಿಗಳಿಗೂ ಇಂಥ ಪಟ್ಟಿ ಸಿಗಬಾರದು. ಹೆಜ್ಜೆಯ ಸಪ್ಪಳವನ್ನೂ ಹಿಡಿಯಬಲ್ಲ ಉಪಕರಣವನ್ನು ಯಾರ ಮನೆಯ ಮುಂದಿನ ಫೈಬರಿಗಾದರೂ ಜೋಡಿಸುವ ಅಧಿಕಾರ ಯಾರಿಗಿರಬೇಕೆಂಬ ಪ್ರಶ್ನೆಯೂ ಇದೆ. ಹಾಗೆಂದು ಪಟ್ಟಿಯನ್ನೇ ಮಾಡದಿರುವುದು ಪರಿಹಾರವಲ್ಲ. ಅದು ಜಿಲ್ಲಾಡಳಿತದ ವಶದಲ್ಲಿರಲಿ, ಒಪ್ಪಂದ ಮಾಡಿಕೊಂಡ ಕಾಲೇಜು ಮತ್ತು ಸಂಶೋಧನಾ ಸಂಸ್ಥೆಗಳಿಗೆ ಮಾತ್ರ ಸಿಗಲಿ.

ಲೇಸರ್ ಉಪಕರಣ ದುಬಾರಿಯಾದದ್ದು, ನಮ್ಮ ಜಿಲ್ಲೆಗಳ ಕಾಲೇಜುಗಳಿಗೆ ಅದು ನಾಳೆಯೇ ಬರುತ್ತದೆಂದು ನಾನು ಹೇಳಲಾರೆ. ಆದರೆ ದಾವಣಗೆರೆಯಲ್ಲಿ 1951ರಿಂದ ಎಂಜಿನಿಯರಿಂಗ್ ಕಾಲೇಜಿದೆ, ಚಳ್ಳಕೆರೆಯ ಬಳಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವಿದೆ. ಅಭ್ಯಾಸಕ್ಕೆ ಬೇಕಾದ ದತ್ತಾಂಶವನ್ನು ಹೊರದೇಶಗಳ ಹಲವು ಸಂಶೋಧನಾ ತಂಡಗಳು ಮುಕ್ತವಾಗಿ ಕೊಟ್ಟಿವೆ. ಉಪಕರಣವನ್ನು ಎಂದಾದರೂ ತರಿಸಬಹುದು, ಬಾಡಿಗೆಗೂ ಪಡೆಯಬಹುದು. ಮುಚ್ಚಿದ ಕೇಬಲಿನ ಲೂಪ್ ಎಷ್ಟು ಮೀಟರ್ ಎಂದು ತಿಳಿಯಲು ಮಾತ್ರ ಮತ್ತೆ ಅಗೆಯಬೇಕಾಗುತ್ತದೆ. ಈಗ ರಸ್ತೆ ಅಗೆದಿರುವ ಬಡಾವಣೆಗಳಲ್ಲಿ ಚೇಂಬರಿನ ಮುಚ್ಚಳ ಹಾಕುವ ಮೊದಲೇ ಪಾಲಿಕೆಯ ಎಂಜಿನಿಯರುಗಳು ಸ್ಥಳಕ್ಕೆ ಹೋಗಿ ಈ ಅಳತೆಗಳನ್ನು ಬರೆಸಿಕೊಳ್ಳಬೇಕೆಂದೂ, ಭದ್ರಾ ನಾಲೆಯ ಏರಿಗಳ ದುರಸ್ತಿ ಕೈಗೊಳ್ಳುವಾಗ ನಾಲೆ ಒಣಗಿರುವ ಅವಧಿಯಲ್ಲಿಯೇ ಅಲ್ಲಿಗೊಂದು ಫೈಬರನ್ನು ಈ ದಾಖಲೆಯ ಸಮೇತ ಹೂಳುವ ಬಗ್ಗೆ ನೀರಾವರಿ ಅಧಿಕಾರಿಗಳು ಪರಿಶೀಲಿಸಬೇಕೆಂದೂ ಕೋರುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ದೂರಸಂಪರ್ಕ ಎಂಜಿನಿಯರ್,
ವಿದ್ಯಾನಗರ, ದಾವಣಗೆರೆ